ಬರ್ಕತ್ತಿನ ಮಣಿ

ನಮ್ಮ ಮನೆಯ ಪಡಸಾಲೆಯ ತೊಲೆಗೆ ಒಂದು ಮಣಿಸರ ತೂಗುತ್ತದೆ. ತಾಮ್ರದ ತಂತಿಯಲ್ಲಿ ಪೋಣಿಸಿದ ನೂರಾ ಹದಿನೇಳು ಗಾಜಿನ ಮಣಿಗಳು. ನೇರವಾಗಿ ಇಳಿಬಿದ್ದಿಲ್ಲ, ಸುತ್ತಿ, ಮಡಚಿ, ಗುಬ್ಬಿಗೂಡಿನಷ್ಟು ಗುಂಡಗೆ ಮಾಡಿಟ್ಟದ್ದು. ಕಿಟಕಿಯ ಗಾಳಿಗೆ ಮೆಲ್ಲಗೆ ತಿರುಗುತ್ತದೆ, ಬಿಸಿಲು ಬಂದರೆ ಗೋಡೆಯ ಮೇಲೆ ಹಸಿರು, ಹಳದಿ ಚುಕ್ಕೆಗಳು ನಡೆದಾಡುತ್ತವೆ. ಸಿಂಧನೂರಿನ ನಮ್ಮ ಓಣಿಯವರು ಅದನ್ನು ದೃಷ್ಟಿಗೆ ಕಟ್ಟಿದ್ದು ಅಂದುಕೊಂಡಿದ್ದರು. ಎದುರುಮನೆಯ ಕಸ್ತೂರೆಮ್ಮ ತನ್ನ ಸೊಸೆಗೂ ಒಂದು ಮಾಡಿಕೊಡು ಅಂತ ಕೇಳಿದ್ದಳು. "ಅದು ಪ್ರೋಟೀನ್ ರೀ" ಅಂದೆ. "ಹಂಗಾದ್ರ ಬ್ಯಾಡ ಬಿಡವಾ, ನಮ್ಮ ಮನ್ಯಾಗ ತತ್ತಿ ತಿನ್ನಂಗಿಲ್ಲ" ಅಂದಳು.

ನಾನು ವಸೀಮಾ. ಇಲ್ಲಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಜೊತೆಗೆ ಆರು ವರ್ಷದಿಂದ ಪಿಎಚ್‌ಡಿ ಮಾಡುತ್ತಿರುವವಳು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಈ ಕತೆಯಲ್ಲಿ ಅದಕ್ಕೂ ಒಂದು ಪಾಲಿದೆ, ಮುಚ್ಚಿಡುವುದಿಲ್ಲ.

ಮುಕ್ಕುಂದದ ಕಡೆ ಸವಳು ಹಿಡಿದ ಗದ್ದೆಯಲ್ಲೂ ತಲೆ ಎತ್ತಿ ನಿಲ್ಲುವ ಒಂದು ಹಳೆಯ ಭತ್ತವಿದೆ. ಅದರೊಳಗಿನ ಒಂದು ಸಣ್ಣ ಪ್ರೋಟೀನ್ ನನ್ನ ಪಾಲಿಗೆ ಬಂದಿತ್ತು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಒಂದರ ಬೆನ್ನಿಗೆ ಒಂದು, ಮಣಿ ಪೋಣಿಸಿದ ಹಾಗೆ. ಆದರೆ ಸರ ಸರವಾಗಿಯೇ ಉಳಿಯುವುದಿಲ್ಲ, ತನ್ನಷ್ಟಕ್ಕೆ ತಾನೇ ಮಡಚಿಕೊಳ್ಳುತ್ತದೆ. ಗಂಜ್‌ಗೆ, ಅಂದರೆ ಕಾಳಿನ ಪೇಟೆಗೆ, ಬರುವ ರೈತರು ರುಮಾಲು ಸುತ್ತುವಾಗ ನೋಡಿ: ಬಿಚ್ಚಿ ಹಾಸಿದರೆ ಐದು ಮೊಳ ದೂರ ಇರುವ ಎರಡು ಅಂಚುಗಳು ತಲೆಯ ಮೇಲೆ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಹಾಗೆ ಸರದಲ್ಲಿ ದೂರವಿದ್ದೂ ಮಡಿಕೆಯಲ್ಲಿ ಹತ್ತಿರ ಬಂದ ಮಣಿಗಳು ಯಾವುವು, ಅವುಗಳಲ್ಲಿ ಯಾವ ಜೋಡಿ ಮುಟ್ಟಿದ್ದನ್ನು ಬಿಡುವುದಿಲ್ಲ ಅಂತ ಹುಡುಕುವುದೇ ನನ್ನ ಕೆಲಸ. ಒಂದೊಂದು ಪರಮಾಣುವೂ ಎಲ್ಲಿದೆ ಎಂದು ಬರೆದಿಟ್ಟ ಫೈಲ್ ಇರುತ್ತದೆ. ಕಂಪ್ಯೂಟರ್ ಪ್ರತಿ ಎರಡು ಮಣಿಗಳ ನಡುವಿನ ದೂರ ಅಳೆಯುತ್ತದೆ. ನಾನು ಆ ಅಂಕಿಗಳ ಮುಂದೆ ಕೂತು ಹಗಲುಗನಸು ಕಾಣುತ್ತೇನೆ.

ಮೂರು ವರ್ಷ ಕಂಡ ಕನಸಿನಲ್ಲಿ ಒಂದು ಜೋಡಿ ಸಿಕ್ಕಿತು. ಮೂವತ್ತೇಳು ಮತ್ತು ತೊಂಬತ್ತೆರಡು. ಸರದಲ್ಲಿ ಎಲ್ಲಿಯ ಮೂವತ್ತೇಳು, ಎಲ್ಲಿಯ ತೊಂಬತ್ತೆರಡು! ಆದರೆ ಮಡಿಕೆಯ ಒಳಗೆ, ನೀರೂ ಸುಳಿಯದ ಜಾಗದಲ್ಲಿ, ಅವೆರಡೂ ಕೈ ಹಿಡಿದುಕೊಂಡು ನಿಂತಿದ್ದವು. ಕಂಪ್ಯೂಟರಿನಲ್ಲಿ ಇಡೀ ಪ್ರೋಟೀನನ್ನು ಕುಲುಕಿದೆ, ಬಿಸಿ ಮಾಡಿದೆ. ಉಳಿದ ಜೋಡಿಗಳು ಸೇರಿದವು, ಬಿಟ್ಟವು. ಇವು ಬಿಡಲಿಲ್ಲ. ಇವು ಕೈಬಿಟ್ಟರೆ ಪ್ರೋಟೀನೇ ಬಿಚ್ಚಿಹೋಗುತ್ತದೆ ಅಂತ ಬರೆದೆ. ಅದೇ ನನ್ನ ಪ್ರಬಂಧದ ಜೀವ. ತಮ್ಮ ದಾನಿಷ್‌ಗೆ ಮಸ್ಕಿಯಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿಯಿದೆ. ಅವನ ಹತ್ತಿರ ತಾಮ್ರದ ತಂತಿ ಇಸಿದುಕೊಂಡು, ಫೈಲಿನಲ್ಲಿದ್ದ ಹಾಗೇ ಮಣಿ ಪೋಣಿಸಿ, ಮಡಚಿ, ಆ ಎರಡು ಮಣಿಗಳ ನಡುವೆ ಕೆಂಪು ದಾರ ಕಟ್ಟಿದೆ. ಹೀಗೆ ಹುಟ್ಟಿದ್ದು ತೊಲೆಯ ಸರ.

ಸರ ಕಟ್ಟಿದ ವರ್ಷವೇ ಅಬ್ಬಾನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ನನ್ನ ಹೆಸರು, ಅಮ್ಮನ ಹೆಸರು, ನೀರು, ಅನ್ನ, ಎಲ್ಲವೂ ಹೋದವು. ಉಳಿದದ್ದು ಎಣಿಕೆಯೊಂದೇ. ಬಾಯಿಪಾಠ ಆಗಿದ್ದು ಹಾಗೆ ಉಳಿಯುವುದುಂಟು ಅಂದರು ಡಾಕ್ಟರ್.

ಅಬ್ಬಾ, ಅಂದರೆ ಚಾಂದ್‌ಪಾಷಾ, ಮೂವತ್ತು ವರ್ಷ ಗಂಜ್‌ನಲ್ಲಿ ಸೇರು ಹಿಡಿದು ಕಾಳು ಅಳೆದವನು. ಅಳೆಯುವವರು ಯಾರೂ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ. ಕೆಲವರು ಲಾಭ ಅಂತಾರೆ, ನಮ್ಮವರು ಬರ್ಕತ್, ಅಂದರೆ ದೇವರು ಕೊಟ್ಟ ಸಮೃದ್ಧಿ, ಅಂತಾರೆ, ಆಮೇಲೆ ಎರಡು, ಮೂರು. ಅಬ್ಬಾನ ರೀತಿ ಬೇರೆ. ಮೊದಲ ಸೇರು ತುಂಬಿ, "ಬರ್ಕತ್" ಅಂದು ಬದಿಗೆ ಸುರಿಯುತ್ತಿದ್ದ. ಅದು ಹಕ್ಕಿಗೆ, ಇರುವೆಗೆ, ಕೈಚಾಚಿ ಬಂದವರಿಗೆ. ಅದಾದ ಮೇಲೆ "ಒಂದು". ಅವನ ಅಜ್ಜನಿಂದ ಬಂದ ರೂಢಿಯಂತೆ. ಇಡೀ ಗಂಜ್‌ನಲ್ಲಿ ಹಾಗೆ ಅಳೆಯುತ್ತಿದ್ದವನು ಅವನೊಬ್ಬನೇ.

ಲಕ್ವಾ ಆದ ಮೇಲೆ ದಿನಾ ಮುಂಜಾನೆ ನಾನು ಪಡಸಾಲೆಗೆ ಬಂದ ಕೂಡಲೇ ಅಬ್ಬಾ ನನ್ನ ಕಡೆ ನೋಡಿ "ಬರ್ಕತ್" ಅನ್ನುತ್ತಿದ್ದ. ಎಣಿಸಲು ಏನಾದರೂ ಬೇಕು ಅವನಿಗೆ ಅಂತ ತಿಳಿದೆ. "ತಡಿ ಅಬ್ಬಾ, ಮಣಿ ತರ್ತೀನಿ" ಅಂದು ಸರ ಇಳಿಸಿ ತೊಡೆಯ ಮೇಲೆ ಇಡುತ್ತಿದ್ದೆ. ಎಡಗೈ ಹೆಬ್ಬೆರಳಿನಿಂದ ಒಂದೊಂದೇ ಮಣಿ ಸವರುತ್ತ ಎಣಿಸುತ್ತಿದ್ದ. ಮೊದಲ ಮಣಿಗೆ ಬರ್ಕತ್, ಎರಡನೆಯದಕ್ಕೆ ಒಂದು. ಹಾಗಾಗಿ ಅವನ ಲೆಕ್ಕ ಯಾವಾಗಲೂ ನೂರಾ ಹದಿನಾರಕ್ಕೇ ಮುಗಿಯುತ್ತಿತ್ತು. ಮುಗಿಯಲಿ ಬಿಡು ಅಂತ ಸುಮ್ಮನಿದ್ದೆ.

ದಾನಿಷ್ ಚಹಾ ಕುಡಿಯಲು ಬಂದರೆ ಅಬ್ಬಾ ಅವನ ಕಡೆ ತಿರುಗಿ "ಒಂದು" ಅನ್ನುತ್ತಿದ್ದ. ಮುದಗಲ್ಲಿಗೆ ಕೊಟ್ಟ ತಂಗಿ ರಂಜಾನ್‌ಗೆ ಬಂದಾಗ ಅವಳ ಗಲ್ಲ ಹಿಡಿದು "ಎರಡು" ಅಂದ. ಹೆಸರು ಮರೆತನಲ್ಲ ಅಂತ ಅವಳು ಅತ್ತಳು. "ಅಳಬ್ಯಾಡ, ಬರೇ ಎಣಸಾಕತ್ತಾನ" ಅಂದಳು ಅಮ್ಮ. ದಾನಿಷ್‌ಗೆ ಮಾತ್ರ ಎಲ್ಲಿಲ್ಲದ ಹೆಮ್ಮೆ.

"ನೋಡು ಆಪಾ, ಅಬ್ಬಾನ ಲೆಕ್ಕದಾಗ ನಾನು ನಂಬರ್ ಒಂದು. ನೀ ಲೆಕ್ಕಕ್ಕs ಇಲ್ಲ" ಅನ್ನುತ್ತಿದ್ದ.

"ನಿನ್ನ ಮಸಡಿಗೆ ಒಂದು ಬ್ಯಾರೆ ಕೇಡು" ಅನ್ನುತ್ತಿದ್ದೆ. ಅವನು ತಮಾಷೆಗೇ ಅಂದದ್ದು. ನನಗೆ ಮಾತ್ರ ಎಲ್ಲೋ ಚುಚ್ಚುತ್ತಿತ್ತು. ನಾನು ಹಿರಿಯ ಮಗಳು, ದಿನಾ ಅವನ ಬಾಯಿಗೆ ತುತ್ತಿಡುವವಳು.

ಹೀಗಿರುವಾಗ ಒಂದು ಮಂಗಳವಾರ ಮುಂಜಾನೆ ಶಿವಲಿಂಗಮ್ಮ ಮೇಡಂ ಫೋನ್ ಮಾಡಿದರು. ಅವರು ನನ್ನ ಗೈಡ್. ಲಿಂಗಸುಗೂರಿನವರು, ಈಗ ದೂರದ ವಿಶ್ವವಿದ್ಯಾಲಯದಲ್ಲಿ ಲ್ಯಾಬ್ ನಡೆಸುತ್ತಾರೆ. ನನ್ನ ಮಾತು ನಂಬಿ ಅವರ ಲ್ಯಾಬಿನಲ್ಲಿ ಮೂವತ್ತೇಳನೆಯ ಮಣಿಯನ್ನು ಬದಲಿಸಿ, ಕೈ ಹಿಡಿಯಲು ಬಾರದ ಬೇರೆ ಮಣಿ ಹಾಕಿ, ಪ್ರೋಟೀನ್ ತಯಾರಿಸಿ ಕಾಯಿಸಿ ನೋಡಿದ್ದರು.

"ಏನೂ ಆಗಿಲ್ಲವಾ ವಸೀಮಾ" ಅಂದರು. "ಹಳೇದು ಎಷ್ಟು ಬಿಸಿಗೆ ಬಿಚ್ಚತಿತ್ತೋ ಇದೂ ಅಷ್ಟಕ್ಕs ಬಿಚ್ಚೇತಿ. ಕೂದಲೆಳಿಯಷ್ಟು ಫರಕಿಲ್ಲ. ನಿನ್ನ ಜೋಡಿ ಸುಳ್ಳು."

"ಸುಳ್ಳಲ್ರೀ ಮೇಡಂ. ನಾ ಸಾವಿರ ಸಲ ನೋಡೀನಿ."

"ಕಂಪ್ಯೂಟರಿನ್ಯಾಗ ನೋಡೀ. ಕನಸಿನ್ಯಾಗ ಹೋಳಿಗಿ ತಿಂದ್ರ ಹೊಟ್ಟಿ ತುಂಬತೈತೇನು? ರವಿವಾರ ಲಿಂಗಸುಗೂರಿಗೆ ಬರ್ತೀನಿ. ಆ ಅಧ್ಯಾಯ ತಗದು ಸಹಿ ಮಾಡಿ ಕೊಡು. ಹಟ ಹಿಡೀಬ್ಯಾಡ."

ಆ ಅಧ್ಯಾಯ ಹೋದರೆ ನನ್ನ ಪ್ರಬಂಧದಲ್ಲಿ ಉಳಿಯುವುದು ಮುಖಪುಟ ಮತ್ತು ಕೃತಜ್ಞತೆ. ನೋಂದಣಿಯ ಅವಧಿಯೂ ಮುಗಿಯುತ್ತ ಬಂದಿತ್ತು. ಹೊಸದಾಗಿ ಮತ್ತೊಂದು ಹುಡುಕಲು ವರ್ಷಗಳಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಫೋನ್ ಇಟ್ಟು ಪಡಸಾಲೆಗೆ ಬಂದೆ. ಅಬ್ಬಾ ನನ್ನ ಕಡೆ ನೋಡಿ ಮುಖವರಳಿಸಿ "ಬರ್ಕತ್" ಅಂದ.

"ಬರ್ಕತ್ತೂ ಇಲ್ಲ, ಏನೂ ಇಲ್ಲ! ಬಾಯಿ ಮುಚ್ಚಿ ಸುಮ್ಕ ಕುಂದ್ರು!" ಅಂತ ಚೀರಿದೆ. ಸರ ಕಿತ್ತು ಟ್ರಂಕಿಗೆ ಹಾಕಿ ಮುಚ್ಚಿದೆ.

ಅಬ್ಬಾ ಬಾಯಿ ಮುಚ್ಚಿದ. ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ಒಂದು ಅಂಕಿಯೂ ಹೊರಬರಲಿಲ್ಲ. ದಾನಿಷ್ ಎದುರಿಗೆ ಬಂದು ನಿಂತರೂ "ಒಂದು" ಅನ್ನಲಿಲ್ಲ. ಇದ್ದೊಂದು ಮಾತನ್ನೂ ಅವನ ಬಾಯಿಂದ ಕಸಿದುಕೊಂಡ ಪಾಪಿ ನಾನು ಅನ್ನಿಸಿ ತಟ್ಟೆ ಹಾಗೇ ಸರಿಸಿ ಏಳುತ್ತಿದ್ದೆ.

ರವಿವಾರ ಹೊರಡುವಾಗ ಮೇಡಂಗೆ ಕೊನೆಯ ಸಲ ತೋರಿಸೋಣ ಅಂತ ಟ್ರಂಕಿನಿಂದ ಸರ ತೆಗೆದೆ. ಅಬ್ಬಾ ಎಡಗೈ ಚಾಚಿದ. ತೊಡೆಯ ಮೇಲೆ ಇಟ್ಟು ಎದುರಿಗೆ ಕೂತೆ.

"ತಪ್ಪಾತು ಅಬ್ಬಾ. ಎಣಸು."

ಹೆಬ್ಬೆರಳು ಮೊದಲ ಮಣಿಯ ಮೇಲೆ ಬಂತು. ಬಾಯಿ ತೆರೆದ. ನನಗೋ, ಹಾಳು ಬುದ್ಧಿ, ಅಷ್ಟರಲ್ಲೂ ಸುಮ್ಮನಿರಲಾಗಲಿಲ್ಲ.

"ಇವತ್ತೊಂದು ದಿನ ಸರಿಯಾಗಿ ಎಣಸು ಅಬ್ಬಾ. ಇದು ಒಂದು. ಇದು ಬರ್ಕತ್ ಅಲ್ಲ, ಒಂದು. ಆವಾಗ ಕೆಂಪು ದಾರದ್ದು ಮೂವತ್ತೇಳು ಬರತೈತಿ."

"ಏ, ಅವನ ಸಂಗಾಟ ಏನ್ ಜಗಳ ನಿಂದು?" ಅಂದಳು ಅಮ್ಮ ಅಡುಗೆಮನೆಯಿಂದ.

ಅಬ್ಬಾ ನನ್ನ ಮುಖ ನೋಡಿದ. ಮೊದಲ ಮಣಿ ನೋಡಿದ. "ಒ" ಅನ್ನಲು ತುಟಿ ಗುಂಡಗೆ ಮಾಡಿದ, ಆಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಹೆಬ್ಬೆರಳನ್ನು ಮಣಿಯ ಮೇಲಿಂದ ಹಿಂದಕ್ಕೆ ಸರಿಸಿದ. ಅಲ್ಲಿ ಮಣಿಯಿರಲಿಲ್ಲ, ಬರೀ ತಂತಿಯ ತುದಿ. ಆ ಖಾಲಿ ತಂತಿಯನ್ನು ಮುಟ್ಟಿ "ಬರ್ಕತ್" ಅಂದ. ಮುಂದೆ ಸರಿದು ಮೊದಲ ಮಣಿ ಮುಟ್ಟಿ "ಒಂದು" ಅಂದ. ನನ್ನ ಮಾತೂ ನಡೆಯಿತು, ಅವನ ರೂಢಿಯೂ ಉಳಿಯಿತು. ಎರಡು, ಮೂರು, ನಾಲ್ಕು. ಕೆಂಪು ದಾರಕ್ಕೆ ಬಂದಾಗ "ಮೂವತ್ತೇಳು" ಅಂದು ನನ್ನ ಕಡೆ ನೋಡಿ ಸೊಟ್ಟಬಾಯಿಯಲ್ಲೇ ನಕ್ಕ.

ನಾನು ನಗಲಿಲ್ಲ. ನನ್ನ ಕಣ್ಣು ಆ ಖಾಲಿ ತಂತಿಯ ತುದಿಯಲ್ಲೇ ನಿಂತುಬಿಟ್ಟಿತ್ತು.

ಪ್ರೋಟೀನ್ ಹುಟ್ಟುವಾಗ ಅಲ್ಲೊಂದು ಮಣಿಯಿತ್ತು. ಭತ್ತದ ಕಾಳಿನೊಳಗೆ ಜೀವಕೋಶ ಯಾವ ಪ್ರೋಟೀನ್ ಪೋಣಿಸಲು ಕೂತರೂ ಮೊದಲು ಹಾಕುವುದು ಒಂದೇ ಮಣಿ, ಮಿಥಿಯೋನಿನ್. ಅದಿಲ್ಲದೆ ಪೋಣಿಸುವ ಕೆಲಸ ಶುರುವಾಗುವುದೇ ಇಲ್ಲ. ಶುರುವಾದ ಮೇಲೆ ಎಷ್ಟೋ ಸಲ ಅದನ್ನು ಕತ್ತರಿಸಿ ಬದಿಗೆ ಹಾಕಿಬಿಡುತ್ತದೆ. ನನ್ನ ಫೈಲ್ ಬರೆದವರು ಕತ್ತರಿಸಿ ಉಳಿದದ್ದನ್ನು ಎಣಿಸಿದ್ದರು. ಹಾಗಾಗಿ ನಾನೂ ಹಾಗೇ. ಆದರೆ ಲ್ಯಾಬಿನವರು ಎಲ್ಲಿಂದ ಎಣಿಸಿದ್ದರು? ಅವರ ಕೈಯಲ್ಲಿದ್ದದ್ದು ಜೀನ್. ಅದರಲ್ಲಿ ಮಿಥಿಯೋನಿನ್ ಇದ್ದೇ ಇರುತ್ತದೆ. ಅವರು ಅದಕ್ಕೇ ಒಂದು ಅಂದಿದ್ದರೆ?

ಅವರ ಮೂವತ್ತೇಳು ನನ್ನ ಮೂವತ್ತಾರು. ಹೆಬ್ಬೆರಳಿಟ್ಟು ನೋಡಿದೆ. ಮೂವತ್ತಾರೂ ಹಸಿರು, ಮೂವತ್ತೇಳೂ ಹಸಿರು, ಎರಡೂ ಲೈಸೀನ್ ಅನ್ನುವ ಒಂದೇ ಆಮ್ಲ, ಅಕ್ಕಪಕ್ಕದ ಅವಳಿಗಳು. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಒಂದು ಒಳಗೆ ಮುಖ ಮಾಡಿ ತೊಂಬತ್ತೆರಡರ ಕೈ ಹಿಡಿದಿದೆ. ಇನ್ನೊಂದು, ಅವರು ಬದಲಿಸಿರಬಹುದಾದದ್ದು, ಹೊರಗೆ ನೀರಿಗೆ ಮುಖ ಮಾಡಿ ಯಾರನ್ನೂ ಮುಟ್ಟದೆ ನಿಂತಿದೆ.

"ಯಾ ಅಲ್ಲಾ" ಅಂದೆ. ಅಮ್ಮ ಓಡಿ ಬಂದಳು. ಹೇಳಿದ್ದು ಅವಳಿಗೆ ಎಷ್ಟು ತಿಳಿಯಿತೋ ಕಾಣೆ, ಒಳಗೆ ಹೋಗಿ ಹರಿದ ತನ್ನ ಹಳೆಯ ಮದುವೆಯ ಸರ ಲಚ್ಚಾದ ಕರಿಮಣಿಗಳಲ್ಲಿ ಒಂದನ್ನು ತಂದಳು.

"ಹಿಡಿ. ಅವನ ಬರ್ಕತ್ತಿಗೆ" ಅಂದಳು.

ತಂತಿಯ ತುದಿಗೆ ಕರಿಮಣಿ ಏರಿಸಿ, ಸರವನ್ನು ಡಬ್ಬಿಯಲ್ಲಿಟ್ಟುಕೊಂಡು ಲಿಂಗಸುಗೂರು ಬಸ್ ಹತ್ತಿದೆ. ಮಸ್ಕಿಯವರೆಗೆ ದಾನಿಷ್ ಜೊತೆಗಿದ್ದ, ಇಳಿದು ಅಂಗಡಿಗೆ ಹೋದ. ಕಾಲುವೆಯ ಹಸಿರು ಹಿಂದೆ ಉಳಿದು ತೊಗರಿ ಹೊಲ, ಬಂಡೆಗುಡ್ಡ ಬಂದವು. ನಾಲ್ಕು ದಿನದ ನಿದ್ದೆ ಕಣ್ಣಿಗೆ ಒಟ್ಟಿಗೇ ಬಂತು.

ದಾರಿ ತಂತಿಯಾಗಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್, ನಡುವಿನ ಹಳ್ಳಿಗಳೆಲ್ಲ ಮಣಿ. ಯಾರೋ ತಂತಿಯನ್ನು ಮೆತ್ತಗೆ ಮಡಚುತ್ತಿದ್ದರು. ಬಸ್ಸಿನಲ್ಲಿ ಯಾರಿಗೂ ಗಾಬರಿಯಿಲ್ಲ, ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಇದ್ದ. ಮಡಚಿದ ದಾರಿಯಲ್ಲಿ ಮುದಗಲ್ಲಿನ ತಂಗಿಯ ಹೊಸ್ತಿಲು ಬಂದು ಸಿಂಧನೂರಿನ ನಮ್ಮ ಹೊಸ್ತಿಲಿಗೆ ತಾಗಿತು. ತಂಗಿ ಕೂತಲ್ಲಿಂದಲೇ ಬಿಸಿ ರೊಟ್ಟಿ ಅಮ್ಮನ ತಟ್ಟೆಗೆ ಹಾಕಿದಳು. ಮುದಗಲ್ ಕೋಟೆಯ ಕಲ್ಲುಗಳು ಭತ್ತದ ಗದ್ದೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದವು. ದಾರಿ ಶುರುವಾಗುವ ಕಡೆ, ಸಿಂಧನೂರಿಗೂ ಮೊದಲು, ಯಾವ ಮೈಲಿಗಲ್ಲೂ ಇಲ್ಲದ ಜಾಗದಲ್ಲಿ ಅಬ್ಬಾ ನಿಂತಿದ್ದ. ಎರಡೂ ಕೈ ಗಟ್ಟಿಯಿದ್ದವು. ಸೇರು ತುಂಬಿ ಬದಿಗೆ ಸುರಿದ. ಗುಬ್ಬಿಗಳು ಇಳಿದವು. ಆಗ ನಮ್ಮ ಬಸ್ಸು ಹೊರಟಿತು.

ಲಿಂಗಸುಗೂರಿನಲ್ಲಿ ಮೇಡಂ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಸಹಿ ಮಾಡಬೇಕಾದ ಕಾಗದ ಪಕ್ಕದಲ್ಲೇ ಇತ್ತು, ಗಾಳಿಗೆ ಹಾರದಂತೆ ಮೇಲೊಂದು ಬಟ್ಟಲು.

"ಕುಂದ್ರು. ಮುಖ ಯಾಕ ಹಂಗ ಮಾಡೀ?"

"ಮೇಡಂ, ನಿಮ್ಮ ಲ್ಯಾಬಿನ್ಯಾಗ ಒಂದು ಅಂತ ಎಲ್ಲಿಂದ ಎಣಸ್ತೀರಿ?"

"ಎಲ್ಲಿಂದ ಅಂದ್ರ? ಜೀನ್ ಎಲ್ಲಿಂದ ಶುರು ಆಗತೈತಿ ಅಲ್ಲಿಂದ. ಮಿಥಿಯೋನಿನ್ ಒಂದು."

"ನನ್ನ ಫೈಲಿನ್ಯಾಗ ಅದು ಇಲ್ರೀ. ಕತ್ತರಿಸಿ ಹೋಗೇತಿ. ನಿಮ್ಮ ಎರಡು ನನ್ನ ಒಂದು."

ಮೇಡಂ ಕೈ ನಿಂತಿತು. ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಜೀನಿನ ಪಟ್ಟಿ ತೆಗೆದರು. ನಾನು ಡಬ್ಬಿ ತೆರೆದು ಸರ ಕೊಟ್ಟೆ. ಸೊಪ್ಪಿನ ವಾಸನೆಯ ಬೆರಳಿನಿಂದ ಕರಿಮಣಿ ಹಿಡಿದು, ಒಂದು ಕಣ್ಣು ಫೋನಿನ ಮೇಲಿಟ್ಟು, ಒಂದೊಂದೇ ಎಣಿಸಿದರು. ಅವರ ಮೂವತ್ತೇಳು ಹೊರಗೆ ಮುಖ ಮಾಡಿದ ಹಸಿರು ಮಣಿಗೆ ಬಂದು ನಿಂತಿತು. ಕೆಂಪು ದಾರ ಅದರ ಪಕ್ಕದಲ್ಲಿತ್ತು.

"ಅಯ್ಯ ಶಿವನs" ಅಂದರು. "ಕಂಕುಳಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದಂಗಾತಲ್ಲ."

ಜಗಳ ಮಾಡಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆಡಲಾಗಲಿಲ್ಲ. ಬರೀ ಮೂವತ್ತೇಳು ಅಂತ ಬರೆದು ಕಳಿಸಿದವಳು ನಾನೇ. ಬರ್ಕತ್ತಿನ ಮನೆಯಲ್ಲಿ ಹುಟ್ಟಿ, ಎಲ್ಲಿಂದ ಎಣಿಸಬೇಕು ಅಂತ ಹೇಳುವುದನ್ನೇ ಮರೆತಿದ್ದೆ.

"ಯಾರು ಹೇಳಿದ್ರವಾ ನಿನಗ?"

"ನಮ್ಮ ಅಬ್ಬಾ."

"ಅವರಿಗೆ ಮಾತು ಬರಂಗಿಲ್ಲ ಅಂದಿದ್ದಿ?"

"ಎಣಸ್ತಾನ್ರೀ."

ಮೇಡಂ ಬಟ್ಟಲು ಎತ್ತಿ ಕಾಗದ ತೆಗೆದು ನಾಲ್ಕಾಗಿ ಮಡಚಿ ಸೊಪ್ಪಿನ ಕಡ್ಡಿಗಳ ಜೊತೆ ಇಟ್ಟರು. "ಇನ್ನೊಮ್ಮೆ ಮಾಡಿ ನೋಡೂಣು. ಆದರ ಈ ಸಲನೂ ಹಳೇದಕ್ಕಿಂತ ಮೊದಲs ಬಿಚ್ಚಲಿಲ್ಲಂದ್ರ ನಾ ಏನೂ ಮಾಡಾಕ ಆಗಂಗಿಲ್ಲ, ತಿಳೀತಿಲ್ಲ?" ಅಂದರು.

ಹೊಸ ಪ್ರೋಟೀನ್ ತಯಾರಾಗಲು ನಾಲ್ಕು ತಿಂಗಳು ಹಿಡಿಯಿತು. ಕಾಯಿಸುವ ದಿನ ನಾನೇ ಎದುರಿಗಿರಬೇಕು ಅಂತ ಹೋದೆ, ಮೂರು ದಿನ ಅಲ್ಲೇ ಉಳಿದೆ. ಪರದೆಯ ಮೇಲೆ ಎರಡು ಗೆರೆ ಹೊರಟವು. ಮೂಲ ಪ್ರೋಟೀನಿನ ಗೆರೆ ಎಪ್ಪತ್ತು ಡಿಗ್ರಿಯವರೆಗೆ ನೆಟ್ಟಗೆ ನಡೆಯಿತು. ಕೈಬಿಡಿಸಿದ್ದರ ಗೆರೆ ನಲವತ್ತೊಂಬತ್ತಕ್ಕೇ ಜಾರಿ ಬಿದ್ದಿತು. ಜೋಡಿ ನಿಜವಾಗಿತ್ತು. ಮೇಡಂ ನನ್ನ ಬೆನ್ನಿಗೊಂದು ಗುದ್ದಿದರು. ನಾನು ಲ್ಯಾಬಿನ ಸ್ಟೂಲಿನ ಮೇಲೆ ಕೂತು ಎಲ್ಲರೆದುರಿಗೆ ಅತ್ತೆ, ನಾಚಿಕೆಯಾಗಲಿಲ್ಲ.

ಸಿಂಧನೂರಿಗೆ ಬಂದಾಗ ಮುಂಜಾನೆ ಒಂಬತ್ತು. ಅಮ್ಮ ಬಾಗಿಲಲ್ಲೇ ಹಿಡಿದಳು.

"ಬಂದೇನ? ಸಾಕಾತು ನನಗ. ಮೂರು ದಿನ ಅವನ ಬಾಯಾಗ ಬರ್ಕತ್ ಅನ್ನೋ ಮಾತಿಲ್ಲ. ದಾನಿಷ್‌ಗ ಒಂದು ಅಂತಾನ, ಅಷ್ಟs. ಮಣಿ ತೊಡಿ ಮ್ಯಾಲೆ ಇಟ್ಟೆ, ಆಕಡಿ ಸರಿಸಿದ. ಬಾಗಲಾ ನೋಡ್ಕೋತ ಕುಂತಾನ."

ನಾನು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತೆ. ದಾನಿಷ್‌ಗೆ ಒಂದು. ತಂಗಿಗೆ ಎರಡು. ಒಂದೂವರೆ ವರ್ಷದಿಂದ ದಿನಾ ಮುಂಜಾನೆ ನನ್ನ ಮುಖ ನೋಡಿದ ಕೂಡಲೇ ಅವನು ಅಂದದ್ದು, ನಾನು ಪ್ರತಿ ಸಲ ತೊಲೆಯ ಕಡೆ ತಿರುಗಿದ್ದು, ಆ ಮಂಗಳವಾರ ಚೀರಿದ್ದು, ಎಲ್ಲ ಒಮ್ಮೆಗೇ ನೆನಪಾಯಿತು.

ಪಡಸಾಲೆಗೆ ಬಂದೆ. ಅಬ್ಬಾ ತಲೆ ಎತ್ತಿದ. ಸೊಟ್ಟಬಾಯಿ ಅರಳಿತು.

"ಬರ್ಕತ್" ಅಂದ.

ನಾನು ತೊಲೆಯ ಕಡೆ ನೋಡಲಿಲ್ಲ. ಹತ್ತಿರ ಹೋಗಿ ಅವನ ಎಡಗೈ ಹಿಡಿದು ಕೂತೆ.

"ಬಂದೆ ಅಬ್ಬಾ" ಅಂದೆ.